ಸುಣ್ಣ ಬಳಿದ ಗೋಡೆ

"ಇದೂ ಬ್ಯಾಡ," ಅಂದಳು ದೀಪ.

ಲಾರಿ ಹಿಂದಿನ ಬರಹ ಬೇಡ. ಬಸ್ಸಿನ ಬೋರ್ಡು ಬೇಡ. ಪಾತ್ರೆಗೆ ಕೊರೆಸಿದ ಹೆಸರು ಬೇಡ. ಕೊಳ್ಳೇಗಾಲದ ಕಾಲೇಜು ಕ್ಯಾಂಟೀನಿನಲ್ಲಿ ಮೂವರೂ ಬೆಳಗ್ಗೆಯಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಅಕ್ಷರಗಳ ಚೆಲುವಿನ ಮೇಲೆ ಒಂದು ಕಿರುಚಿತ್ರ ಮಾಡಿ ಸೋಮವಾರ ಒಪ್ಪಿಸಬೇಕಿತ್ತು.

ಗುಂಪಿನ ನಾಯಕಿ ಕೋಮಲ. ಮಾರ್ಕ್ಸು ಅಂದರೆ ಅವಳಿಗೆ ಪ್ರಾಣ. ಶಿವಶಂಕರನೋ, ಏನು ಕೇಳಿದರೂ "ನೀವೇಳ್ದಂಗೆ" ಅನ್ನುವ ಕೋಲೆಬಸವ. ಇಂಥವನನ್ನು ಗುಂಪಿಗೆ ಸೇರಿಸಿದ್ದು ದೀಪ.

"ನಿಮ್ಮಕ್ಕನ ಮದ್ವೇಲಿ ನಿಮ್ಮನೆ ಗ್ವಾಡೆಗೆ ಏನೋ ಬರ್ಸಿದ್ರಲ್ವೇನೆ?" ದೀಪ ಟೀ ಲೋಟ ತಿರುಗಿಸುತ್ತಾ ಕೇಳಿದಳು.

ಕೋಮಲ ಎದ್ದೇ ನಿಂತಳು. ಮದುವೆ ಮನೆಯ ಗೋಡೆ ಬರಹ! ಹೆಣ್ಣು ಗಂಡಿನ ಹೆಸರು, ಸುತ್ತ ಹೂಬಳ್ಳಿ, ನೀಲಿ ಅಂಚು. "ಎಂಗದೆ ನನ್ ಐಡಿಯಾ?"

"ನಿಂಗಲ್ದೆ ಇನ್ಯಾರ್ಗೆ ಒಳೀತದೆ."

ಹಳೆಯ ಗೋಡೆಗಳೆಲ್ಲ ಮಾಸಿದ್ದವು. ಹೊಸದಾಗಿ ಬರೆಸಿಯೇ ಚಿತ್ರ ತೆಗೆಯಬೇಕು. ಮಾಂಬಳ್ಳಿಯ ದೀಪಳ ಮನೆಗೆ ಆಗಷ್ಟೇ ಸುಣ್ಣ ಬಳಿದಿತ್ತು, ಭಾನುವಾರ ಹನೂರಿನಿಂದ ಅವಳನ್ನು ನೋಡಲು ಬರುವವರಿದ್ದರು. ಒಳ್ಳೆಯ ಸಂಬಂಧ. ಅವಳ ಅಪ್ಪ ನಂಜಯ್ಯ ಊರಿಗೆಲ್ಲ ಹೇಳಿಕೊಂಡಿದ್ದ.

ಮರುದಿನ ಅಪ್ಪ, ಅಜ್ಜಿ ಹೊಲಕ್ಕೆ ಹೋದ ಮೇಲೆ ಕೆಲಸ ಶುರುವಾಯಿತು. ಬೋರ್ಡು ಬರೆಯುವ ಕೆಂಚಯ್ಯನನ್ನು ದೀಪಳೇ ಕರೆಸಿದ್ದಳು. ಕೋಮಲ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ವಿಡಿಯೊ ಚಾಲೂ ಮಾಡಿ, ಗೋಡೆಗೆ ಬೆನ್ನು ಮಾಡಿ ನಿಂತಳು. ಕೆಂಚಯ್ಯ ಮೊದಲು ಅಂಚು, ಬಳ್ಳಿ ಬರೆಯುತ್ತಿರಲಿ ಎಂದು ಒಂದಿಷ್ಟು ಹೊತ್ತು ಹರಟಿ, ಆಮೇಲೆ ಕೇಳಿದಳು:

"ಯಾರ್ ಎಸ್ರು ಬರ್ಸನ?"

"ಯಾವ್ದಾರ ಸುಳ್ಳೆಸ್ರು," ಅಂದ ಶಿವಶಂಕರ. ಅವನ ಕಣ್ಣು ಅವಳ ಹೆಗಲಿನಾಚೆ ನೆಟ್ಟಿತ್ತು.

"ಸುಳ್ಳು ಬ್ಯಾಡ. ಮೇಷ್ಟ್ರು ಮಾರ್ಕ್ಸು ಕಳೀತಾರೆ."

"ಅಂಗಾದ್ರೆ ನಿನ್ದೇ ಬರ್ಸು," ಅಂದಳು ದೀಪ.

ಕೋಮಲ ಬೆವರಿದಳು. "ನಮ್ಮಪ್ಪ ಕೊಂದಾಕ್ಬುಡ್ತನೆ! ನಿಮ್ಮಿಬ್ರುದೇ ಇರ್ಲಿ. ಸಾಯಂಕಾಲ ಸುಣ್ಣ ಬಳುದ್ರಾಯ್ತು."

"ಅಯ್ಯೋ, ಬ್ಯಾಡ ಕನೆ," ಅಂದಳು ದೀಪ. ಅಷ್ಟೇ ಅಂದಳು. ಕೋಮಲ ತಿರುಗುವ ಮೊದಲೇ ಅವಳ ಭುಜ ಹಿಡಿದು ಹಿತ್ತಿಲ ಬಾಗಿಲ ಕಡೆ ತಳ್ಳಿದಳು. "ಕೆಂಚಣ್ಣಂಗೆ ನಾನೇಳ್ತೀನಿ. ನೀ ಒಳೀಕೋಗಿ ಮಜ್ಜಿಗೆ ತಕಂಬಾ."

ಗುರುತಿಲ್ಲದ ಅಡುಗೆಮನೆಯಲ್ಲಿ ಗಡಿಗೆ ಹುಡುಕಿ ಮಜ್ಜಿಗೆ ತರುವಷ್ಟರಲ್ಲಿ ಎರಡೂ ಹೆಸರು ಮುಗಿದಿದ್ದವು. ಕೈ ಅಂದರೆ ಹೀಗಿರಬೇಕು ಎಂದು ಕೋಮಲ ಮೆಚ್ಚಿಕೊಂಡಳು.

ಸಾಯಂಕಾಲ ಅವಳು ಸುಣ್ಣದ ಬಕೆಟ್ಟು ಎತ್ತಿದಾಗ ಹೊಲದಿಂದ ಬಂದ ಅಜ್ಜಿ ಚಿಕ್ಕಬಸಮ್ಮ ಕೈ ಹಿಡಿದಳು.

"ಮದ್ವೆ ಬರವ ಅಳಿಸ್ಬಾರ್ದು ಕನವ್ವ, ಕೇಡು. ಅದು ತಾನಾಗೇ ಮಾಸ್ಬೇಕು."

"ಇದು ಸಿನ್ಮಾಕ್ಕೆ ಅಜ್ಜೀ!"

"ಗ್ವಾಡೆಗೇನ್ ಗೊತ್ತದು?"

ಬೀದಿಯಲ್ಲಿ ಜನ ಸೇರಿತು. ಯಾರೋ ಫೋಟೊ ತೆಗೆದು ಹನೂರಿಗೂ ಕಳಿಸಿದರು. ಸ್ವಲ್ಪ ಹೊತ್ತಿಗೇ ಅಲ್ಲಿಂದ ಫೋನು: ಮದುವೆ ಗೊತ್ತಾದ ಹೆಣ್ಣನ್ನು ನೋಡಲು ನಾವ್ಯಾಕೆ ಬರೋಣ? ನಂಜಯ್ಯ ಎಷ್ಟು ಗೋಗರೆದರೂ ಅವರು ಕೇಳಲಿಲ್ಲ.

ಕೋಮಲ ಗಳಗಳ ಅತ್ತಳು. ಗೆಳತಿಯ ಬಾಳನ್ನು ಮಾರ್ಕ್ಸಿನ ಆಸೆಗೆ ತಾನೇ ಹಾಳು ಮಾಡಿದೆನಲ್ಲ! ನಂಜಯ್ಯನ ಕಾಲು ಮುಟ್ಟಿ, "ಐಡಿಯಾ ನನ್ದೇ, ಎಸ್ರು ಏಳ್ದೋಳೂ ನಾನೇ, ಇವರ್ದೇನೂ ತಪ್ಪಿಲ್ಲ," ಎಂದು ಮಾದಪ್ಪನ ಮೇಲೆ ಆಣೆ ಇಟ್ಟಳು. ಅಷ್ಟು ಅಳುವ ಹುಡುಗಿಯನ್ನು ನಂಬದೆ ಇರಲು ಅವನಿಂದಾಗಲಿಲ್ಲ.

ಅವನು ಜಗಲಿಯ ಮೇಲೆ ಕುಳಿತು ಗೋಡೆಯನ್ನೇ ನೋಡಿದ. ಆಮೇಲೆ ಶಿವಶಂಕರನ ಕಡೆ ತಿರುಗಿದ.

"ಯಾವೂರಪ್ಪ ನಿಂದು?"

"ಕೌದಳ್ಳಿ."

"ಯಾರ್ ಮಗ?"

"ಪುಟ್ಟಬಸಪ್ಪನ ಮಗ."

ನಂಜಯ್ಯ ಇನ್ನೊಮ್ಮೆ ಗೋಡೆಯ ಕಡೆ ನೋಡಿ ಎದ್ದ. "ಊಟ ಮಾಡ್ಕಂಡೋಗು. ನಾಳಿಕ್ಕೆ ನಿಮ್ಮಪ್ಪನ್ನ ಕರ್ಕಂಬಾ."

ದೀಪ ತಲೆ ತಗ್ಗಿಸಿ ಒಳಗೆ ಹೋದಳು. ಪಾಪ, ಅವಳ ಮುಖ ನೋಡಲು ಕೋಮಲಳಿಗೆ ಧೈರ್ಯವಾಗಲಿಲ್ಲ.

ಕೊಳ್ಳೇಗಾಲದ ಬಸ್ಸಿನಲ್ಲಿ ಕೂತ ಮೇಲೆ ಅವಳು ಕಣ್ಣೊರೆಸಿಕೊಂಡಳು. ಮಾರ್ಕ್ಸಾದರೂ ಉಳಿಯಲಿ ಎಂದು ಮೊಬೈಲಿನಲ್ಲಿ ವಿಡಿಯೊ ಹಾಕಿದಳು.

"ಯಾರ್ ಎಸ್ರು ಬರ್ಸನ?" ಎಂದು ಅವಳದೇ ದನಿ ಕೇಳುತ್ತಿತ್ತು, ಆ ಹೊತ್ತಿಗಾಗಲೇ ಕೆಂಚಯ್ಯ ಗೋಡೆಯ ಮೇಲೆ ದೀಪಳ ಹೆಸರು ಮುಗಿಸಿ, ಶಿವಶಂಕರನ ಹೆಸರಿಗೆ ಕುಂಚ ಅದ್ದುತ್ತಿದ್ದ.