ಕಣ್ಣಾರೆ ಕಂಡವನು

ಎಸ್‌ಐ ಶ್ರೀನಾಥ್ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಕೆರಿಯಮ್ಮನ ಬುಟ್ಟಿಯನ್ನು ಒದ್ದರು. "ಯಾಕೆ ಸಾರ್?" ಎಂದ ಆಟೋದವನ ಕೆನ್ನೆಗೆ ಎರಡು ಬಾರಿಸಿ ಠಾಣೆಗೆ ತಂದರು.

ಪ್ರಶ್ನೆ ಕೇಳುವುದು ಯಾವ ಕಲಮಿನಲ್ಲೂ ಅಪರಾಧವಲ್ಲ. ಕಾನೂನಿನ ಈ ಕೊರತೆಯನ್ನು ತುಂಬಲೆಂದೇ ಠಾಣೆಯ ಬೀರುವಿನಲ್ಲಿ ಎರಡು ಕಿಲೋ ಗಾಂಜಾ ಸದಾ ಸಿದ್ಧವಿರುತ್ತಿತ್ತು. ಹನ್ನೊಂದು ಗಂಟೆಗೆ ಅದಕ್ಕೆ ಆಟೋದ ಸೀಟಿನಡಿಗೆ ವರ್ಗವಾಯಿತು.

"ಮಹಜರಿಗೆ ಸಾಕ್ಷಿ ಬೇಕಲ್ಲ ಸಾರ್?" ಎಂದಳು ಕಾನ್ಸ್‌ಟೇಬಲ್ ಸುಷ್ಮಾ.

ಶ್ರೀನಾಥ್ ಈ ಠಾಣೆಗೆ ಬಂದು ಎಂಟೇ ದಿನ. ಪದ್ಧತಿ ಮಾತ್ರ ಆಗಲೇ ಕರಗತವಾಗಿತ್ತು. ಹೆಡ್ ಕಾನ್ಸ್‌ಟೇಬಲ್ ಮಂಜುನಾಥಪ್ಪ ಬಹಳ ದಯಾಳು. ಸಣ್ಣಪುಟ್ಟ ತಪ್ಪಿಗೆ ಸಿಕ್ಕವರಿಗೆ ದಂಡ ಹಾಕುತ್ತಿರಲಿಲ್ಲ. ಒಂದು ಕಂತೆ ಖಾಲಿ ಹಾಳೆಗಳ ಕೆಳಗೆ ಸಹಿ ಹಾಕಿಸಿಕೊಂಡು ಕಳಿಸುತ್ತಿದ್ದರು. ಇವತ್ತು ಅವರು ಸಿಗಂದೂರು ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದರು. ಹಾಳೆಗಳು ಡ್ರಾಯರಿನಲ್ಲೇ ಇದ್ದವು.

ಶ್ರೀನಾಥ್ ಮೇಲಿನದನ್ನು ಎತ್ತಿಕೊಂಡರು. "ಜಟ್ಟಿಂಗಪ್ಪ. ಬರ್ಕೊಳ್ಳಮ್ಮ: ಸಾಕ್ಷಿ ಜಟ್ಟಿಂಗಪ್ಪನ ಸಮಕ್ಷಮ, ಆರೋಪಿಯ ಆಟೋದಿಂದ..."

ಬೆಂಚಿನ ಮೇಲಿದ್ದ ಆಟೋದವನು ಊದಿದ ಕೆನ್ನೆ ಹಿಡಿದುಕೊಂಡೇ ತಲೆ ಎತ್ತಿದ. "ಆ ಜಟ್ಟಿಂಗಪ್ಪ ನೋಡಿದ್ನಾ ಸಾರ್?"

"ಕಣ್ಣಾರೆ! ಹದಿನೇಳು ಫೈಲಲ್ಲಿ ನೋಡಿದಾನೆ. ಒಂದ್ಸಲ ತುಮರೀಲೂ ಇಲ್ಲೂ ಒಂದೇ ಹೊತ್ತಿಗೆ ನೋಡಿದಾನೆ. ಪುಣ್ಯಾತ್ಮ."

"ಅವನ ಸಹಿಯಿಂದ ಹದಿನೇಳು ಜನ ಒಳಗೆ ಹೋದ್ರಾ?"

"ನೀನು ಹದಿನೆಂಟು. ಹತ್ತು ವರ್ಷ ಸರ್ಕಾರಿ ಊಟ."

ಅವನು ಕೆನ್ನೆಯಿಂದ ಕೈ ತೆಗೆದ. "ಅಂಥವನಿಗೆ ತಕ್ಕ ಶಾಸ್ತಿ ಆಗ್ಬೇಕು ಸಾರ್."

"ಶಾಸ್ತಿ ಆಗ್ತಿರೋದು ನಿಂಗೆ ಕಣಯ್ಯ!" ಶ್ರೀನಾಥ್ ಹೊಟ್ಟೆ ಕುಣಿಸಿ ನಕ್ಕರು. ಸುಷ್ಮಾ ನಗಲಿಲ್ಲ.

ಮಹಜರು ಮುಗಿಯಿತು. ಒಂದೇ ಜಾಗ ಖಾಲಿ ಉಳಿದಿತ್ತು. ಹೊಡೆಯುವ ಅವಸರದಲ್ಲಿ ಆರೋಪಿಯ ಹೆಸರು ಕೇಳುವುದನ್ನೇ ಎಲ್ಲರೂ ಮರೆತಿದ್ದರು.

ಶ್ರೀನಾಥ್ ಹಾಳೆಯನ್ನೂ ಪೆನ್ನನ್ನೂ ಅವನತ್ತ ತಳ್ಳಿದರು. "ಓದೋದೆಲ್ಲ ಬೇಡ. ಹೆಸರು ಬರ್ದು ಸಹಿ ಹಾಕು. ಇನ್ನೆರಡು ಬಿದ್ಮೇಲೆ ಹಾಕೋ ಬದ್ಲು ಈಗ್ಲೇ ಹಾಕು."

ಅವನು ಹಾಳೆಯ ಬುಡದಲ್ಲಿದ್ದ ಸಹಿಯನ್ನು ಬೆರಳಿನಿಂದ ಒಮ್ಮೆ ಸವರಿದ. ಪೆನ್ನನ್ನು ಮೇಜಿನ ಮೇಲಿಟ್ಟ.

"ಜಟ್ಟಿಂಗಪ್ಪ ಅಂದ್ರೆ ನಾನೇ ಸಾರ್. ಈ ಹಾಳೆಗೆ ಇನ್ನೊಂದು ಸಹಿ ಹಾಕಲ್ಲ."