ಬಟ್ಟೆ ಕತ್ತರಿ

ಟೈಲರ್ ಆಂಟಿ ಚಿಂದಿ ಬಟ್ಟೆಯ ಮೇಲೆ ಕತ್ತರಿ ಆಡಿಸಿದರು. ಬಟ್ಟೆ ತುಂಡಾಗದೆ ಮಡಚಿಕೊಂಡಿತು. ಎದುರಿಗೆ ನಿಂತಿದ್ದ ಹದಿನೈದರ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಈ ಕತ್ತರಿಗೆ ಕಾಗದ ಕೂಡ ತಾಗಿಸಬೇಡ ಅಂತ ಆಂಟಿ ಮೊದಲ ದಿನವೇ ಹೇಳಿದ್ದರು. ಅವಳು ಅದರಲ್ಲಿ ರಟ್ಟು ಕತ್ತರಿಸಿದ್ದಳು; ಚೂರುಗಳು ಇನ್ನೂ ಮೇಜಿನ ಮೇಲೇ ಇದ್ದವು.

ಆಂಟಿ ಬೈಯದೆ ಫೋನ್ ಎತ್ತಿಕೊಂಡರು. ಬೈಯದೆ ಫೋನ್ ಎತ್ತಿದರೆ ಮುಂದೇನಾಗುತ್ತದೆ ಎಂದು ಹುಡುಗಿಗೆ ಚೆನ್ನಾಗಿ ಗೊತ್ತು. ಮಕ್ಕಳ ಇಲಾಖೆಯವರು ಅವಳನ್ನು ಇರಿಸಿದ ನಾಲ್ಕನೇ ಮನೆ ಇದು. ಹಿಂದಿನ ಮೂರು ಮನೆಗಳಲ್ಲಿ ಯಾರೂ ಅವಳನ್ನು ಬೈದವರಲ್ಲ. ತಪ್ಪಾದಾಗ ಬೆಣ್ಣೆಯಂತೆ ಮಾತಾಡಿ, ಇಲಾಖೆಗೆ ಫೋನ್ ಮಾಡಿ, ಸಂಜೆಯೊಳಗೆ ಅವಳ ಬ್ಯಾಗನ್ನು ಬಾಗಿಲಿಗೆ ತಂದಿಟ್ಟಿದ್ದರು. ಹಗ್ಗದ ಮೇಲಿನ ತನ್ನ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಅವಳು ಕಿಟಕಿಯತ್ತ ನೋಡಿದಳು.

"ಸಾಣೆ ಹಿಡಿಯೋರಾ? ನಾಳೆ ಬೆಳಿಗ್ಗೆನೇ ಬನ್ನಿ. ನಮ್ಮನೆ ಕತ್ತೆ ಬಟ್ಟೆ ಕತ್ತರೀಲಿ ರಟ್ಟು ಕತ್ತರಿಸಿ ಇಟ್ಟಿದೆ!" ಆಂಟಿ ಫೋನ್ ಕುಕ್ಕಿ ತಿರುಗಿದರು. "ನಿನ್ನ ತಲೇಲಿ ಮಿದುಳಿದೆಯೋ ಹತ್ತಿ ಇದೆಯೋ? ಇನ್ನು ಒಂದು ತಿಂಗಳು ಅಂಗಡಿಯ ಗುಂಡಿಗಳನ್ನೆಲ್ಲ ನೀನೇ ಹೊಲೀಬೇಕು!"

"ಒಂದು ತಿಂಗಳಾ, ಆಂಟಿ?"

"ಎದುರು ಮಾತು ಬೇರೆ! ಹಾಗಾದ್ರೆ ಎರಡು!"

ಆಂಟಿ ಮನಸ್ಸು ಬದಲಿಸುವ ಮೊದಲೇ ಹುಡುಗಿ ಗುಂಡಿ ಡಬ್ಬ ಎಳೆದುಕೊಂಡು ಕೂತುಬಿಟ್ಟಳು.