ಕತ್ತಲ ನಂಬಿ ಕುಂತವರು

ಎರಡು ನಿಮಿಷ ಕುಂತು ಇದನ್ನ ಪೂರಾ ಕೇಳ್ರಿ, ನಡುವ ಎದ್ದು ಹೋಗಬ್ಯಾಡ್ರಿ, ಯಾಕಂದ್ರ ಕೊನಿಗಿ ನಿಮ್ಮ ಕಡಿಂದ ನನಗ ಒಂದು ಜವಾಬು ಬೇಕಾಗ್ಯಾದ. ನನ್ನ ದೋಸ್ತ ಖಾಲಿದ ಅದಾನಲ್ರಿ, ಅವನ ಅಕ್ಕ ನಿಖತ ಆಪಾ ಹೊಲಿಗಿ ಮಿಷನ್ ಬಿಟ್ಟು ಮದಿವಿಗಳಾಗ ಹೆಣ್ಮಕ್ಕಳ ಕಡಿ ಫೋಟು ತೆಗಿಯೋ ಕೆಲಸ ಹಿಡದಾರ. ಪರದಾದ ಆಚಿಗಿ ಗಂಡಸು ಫೋಟೋಗ್ರಾಫರ್ ಹೋಗಂಗಿಲ್ಲ, ಬಂದವರ ಫೋನು ಬಾಗಿಲದಾಗೇ ಇಸ್ಕೋತಾರ. ಅದಕ ಆಪಾಗ ಒಂದು ಸಣ್ಣ ಕ್ಯಾಮೆರಾ ಬೇಕಿತ್ತು, ಪರ್ಸಿನಾಗ ಹಿಡಿಯೋವಂಥಾದ್ದು. ಮೊದಲನೇ ಮದಿವಿ ಭಾಲ್ಕಿದಾಗ, ಬರೋ ಐತವಾರನೇ.

"ಧಮ್ಮಪಾಲ, ಫ್ಲ್ಯಾಶ್ ಹೊಡಿಲಾರದ, ಕಮ್ಮಿ ಬೆಳಕಿನಾಗ ಫೋಟು ಬರೋದು ಯಾವ್ದಪ್ಪ?" ಅಂದ್ರು. ಮೂರು ವರ್ಷದಿಂದ ಬರೇ ಕ್ಯಾಮೆರಾ ವಿಡಿಯೋ ನೋಡ್ಕೋತ ಬಂದೀನಿ, ಇಲ್ಲಿತನಕ ಒಬ್ಬರೂ ನನ್ನ ಏನೂ ಕೇಳಿದ್ದಿಲ್ಲರಿ. ಫ್ಲ್ಯಾಶ್ ಯಾಕ ಬ್ಯಾಡ ಅಂತ ಕೇಳೋದು ಬಿಟ್ಟು, ನಾ ಹೇಳ್ಲಕ್ಕ ಸುರು ಮಾಡಿಬಿಟ್ಟೆ.

ಚೌಬಾರಾ ಗೋಪುರದ ಹತ್ರ ಏಜಾಜ ಭಾಯ್ ಅಂಗಡಿಗಿ ಹೋದ್ವಿ, ಅವರು ಹಳೀ ಕ್ಯಾಮೆರಾ ಮಾರ್ತಾರ. ಒಂದು ಉದ್ದ ಮೂತಿದು ತೆಗದು, "ಇದು ಚಂದ್ರನ ತನಕ ಎಳಿತದ ನೋಡ್ರಿ ಬೆಹೆನ್" ಅಂದ್ರು. "ಮದಿವಿ ಭಾಲ್ಕಿದಾಗ ಅದ ಭಾಯ್, ಚಂದ್ರನ ಮ್ಯಾಲ ಅಲ್ಲ" ಅಂದೆ. ಮತ್ತೊಂದು ತೆಗದು ಮೆಗಾಪಿಕ್ಸೆಲ್ ಎಣಸ್ಲಕ್ಕ ಹೋದ್ರು. ನಾ ಬಿಡ್ತೇನೇನ್ರಿ? ಮೆಗಾಪಿಕ್ಸೆಲ್ ಬಿಡ್ರಿ, ಒಳಗಿನ ಸೆನ್ಸರ್ ದೊಡ್ಡದಿರಬೇಕು, ಲೆನ್ಸ್ ಅಗಲ ತೆರಿಬೇಕು, ಇಲ್ಲಂದ್ರ ಕತ್ತಲದಾಗ ಫೋಟು ರವಾ ಚೆಲ್ಲಿದಂಗ ಕಾಳುಕಾಳು ಬರ್ತದ. ಏಜಾಜ ಭಾಯ್ ಆಪಾನ ಕಡಿ ನೋಡಿ, "ಬೆಹೆನ್, ಕ್ಯಾಮೆರಾ ನಿಮಗೋ, ಇವನಿಗೋ?" ಅಂದ್ರು. ಆಪಾ, "ನನಗರಿ. ಮಾತಾಡೋದು ಅಷ್ಟೇ ಇವಂದು."

ಕಡಿಗಿ ಮುಷ್ಟಿಯೊಳಗ ಕೂಡೋ ಒಂದು ಕರೇ ಕ್ಯಾಮೆರಾ ಸಿಕ್ತು. ಅಂಗಡಿ ಶಟರ್ ಅರ್ಧ ಇಳಸಿ, ಲೈಟ್ ಆರ್ಸಿ, ಮೂಲ್ಯಾಗಿದ್ದ ಬಿದ್ರಿ ಹೂಜಿದು ಫೋಟು ಹೊಡದೆ. ಕಣ್ಣಿಗಿ ಹೂಜಿನೇ ಕಾಣವಲ್ದು, ಫೋಟದಾಗ ಅದರ ಮ್ಯಾಲಿನ ಬೆಳ್ಳಿ ಬಳ್ಳಿಯ ಎಲಿ ಸುದ್ದಾ ಕಾಣ್ಲತ್ತಿತ್ತು. ಆಪಾ ಪರ್ಸ್ ತೆಗದ್ರು.

ಸೋಮವಾರ ಮಧ್ಯಾಹ್ನ ಆಪಾನ ಫೋನು ಬಂತು. "ಧಮ್ಮಪಾಲ, ಕ್ಯಾಮೆರಾ ಭಾಳ ಛಲೋ ಅದಪ್ಪ."

"ಹೇಳಿದ್ನಲ್ರಿ ಆಪಾ."

"ಅದೇ ತ್ರಾಸ ಆಗ್ಯಾದ."

ಆವಾಗ ಹೇಳಿದ್ರು ನೋಡ್ರಿ, ಫ್ಲ್ಯಾಶ್ ಯಾಕ ಬ್ಯಾಡಿತ್ತು ಅಂತ. ಹೆಣ್ಮಕ್ಕಳ ಕಡಿ, ಫೋಟು ಬ್ಯಾಡ ಅನ್ನೋರು ಹಿಂದಿನ ಸಾಲಿಗಿ ಹೋಗಿ ಕುಂದ್ರತಾರ. ಅಲ್ಲಿದು ಟ್ಯೂಬಲೈಟ್ ಆರಿಸಿರ್ತಾರ. ಫ್ಲ್ಯಾಶ್ ಹೊಡದ್ರ ಅವರ ತನಕ ಬೆಳಕು ಹೋಗ್ತದ, ಹಂಗಾಗಿ ಫ್ಲ್ಯಾಶ್ ಹೊಡಿಬ್ಯಾಡ ಅಂತ ಅಂದಿರ್ತಾರ. ಆಪಾ ಎಲ್ಲಾರ ಮುಂದ ಮಾತು ಕೊಟ್ಟಿದ್ರಂತ, ಹಿಂದ ಕುಂತವರು ಒಬ್ಬರೂ ಫೋಟದಾಗ ಬರಂಗಿಲ್ಲಂತ. ಈಗ ನೋಡಿದ್ರ ಒಂಬತ್ತು ಮಂದಿ ಬಂದಾರ. ಹಗಲಿನಂಗ.

"ಒಂದು ಫೋಟು ಕಳಸ್ರಿ ಆಪಾ, ನೋಡಿ ಹೇಳ್ತೇನಿ."

"ನಿನಗ ಹ್ಯಾಂಗ ಕಳಸ್ಲೋ? ಗಂಡಸಿಗಿ ತೋರಸ್ಲಕ್ಕೇ ಬರಂಗಿಲ್ಲ."

ಖರೇನ್ರಿ. ಆ ಕ್ಯಾಮೆರಾ ಆರಿಸಿದವ ನಾನೇ, ಅದು ತೆಗದ ಒಂದು ಫೋಟು ಸುದ್ದಾ ನಾ ನೋಡಂಗಿಲ್ಲ. ಆಪಾ ಬಾಯಿಲೆ ಹೇಳಿದ್ರು, ನಾ ಬಾಯಿಲೆ ಕಲಿಸಿದೆ, ಲ್ಯಾಪಟಾಪಿನಾಗ ಯಾವ ಗೆರಿ ಎಡಕ್ಕ ಎಳದ್ರ ಹಿಂದಿನ ಮೂಲಿ ಕರ್ರಗ ಆಗ್ತದ ಅಂತ. ಬೆಳಕು ತರೋ ಕ್ಯಾಮೆರಾ ಕೊಡಿಸಿ, ಈಗ ಕತ್ತಲಿ ಹಾಕೋದು ಹೇಳ್ಕೋತ ಕುಂತೆ. ಒಬ್ಬೊಬ್ಬರೇ ಕತ್ತಲಿಗಿ ಹೋದ್ರು, ಎಂಟು ಮಂದಿ.

"ಒಬ್ಬರು ಉಳಿದಾರ" ಅಂದ್ರು ಆಪಾ. "ಮದುಮಗಳು ಇರಮನ ದಾದಿ, ಅವರಪ್ಪನ ತಾಯಿ. ಠಾಣಾ ಕುಶನೂರದ ರಹೀಮುನ್ನಿಸಾ ಬೀ."

"ಅವರನ್ನೂ ಹಂಗೇ ಮಾಡ್ರಿ."

"ಆಗವಲ್ದೋ. ಇರಮ ಎದ್ದು ಹಿಂದ ಹೋಗಿ ದಾದಿ ತೊಡಿ ಮ್ಯಾಲ ತಲಿ ಇಟ್ಟಾಳ. ಒಬ್ಬರಿಗಿ ಕತ್ತಲ ಹಾಕಿದ್ರ ಇನ್ನೊಬ್ಬಾಕಿನೂ ಹೋಗ್ತಾಳ. ಆ ಹುಡುಗಿ ಕಡಿ ದಾದಿದು ಒಂದು ಫೋಟು ಇಲ್ಲ, ಹಜ್ ಪಾಸ್‌ಪೋರ್ಟಿಂದು ಬಿಟ್ರ. ಅದರಾಗ ಪೊಲೀಸ್ರು ಹಿಡದವರಂಗ ಕಾಣ್ತಾರ ಪಾಪ."

"ಹಂಗಾದ್ರ ದಾದಿಗೇ ಕೇಳ್ರಿ."

"ಕೇಳಿದ್ರ, ಕತ್ತಲದಾಗ ಕುಂತವರೆಲ್ಲ ಬಂದಾರ ಅಂತ ಗೊತ್ತಾಗಂಗಿಲ್ಲೇನು? ಬರೋ ತಿಂಗಳು ಔರಾದದಾಗ ಎರಡು ಮದಿವಿ ಒಪ್ಪೀನಿ. ಯಾರು ಒಳಗ ಬಿಡ್ತಾರ ನನ್ನ? ಕೇಳದೇ ಕೊಟ್ರ, ಆ ಮುದುಕಿಗಿ ನಾ ಕೊಟ್ಟ ಮಾತು? ಇರಮ ಮುಂಜಾನಿಂದ ಎರಡು ಸಲ ಫೋನ್ ಮಾಡ್ಯಾಳ, ಆಪಾ ಫೋಟು ಯಾವಾಗ ಅಂತ."

ಆಪಾ ಆ ಫೋಟು ನೋಡ್ಕೋತ ಮೆಲ್ಲಕ ಹೇಳ್ಲತ್ತಿದ್ರು: "ದಾದಿ ನಗ್ಲತ್ತಾರ ಧಮ್ಮಪಾಲ. ಹಲ್ಲಿಲ್ಲದ ಬಾಯಿ ಪೂರಾ ತೆರದು. ಸೆರಗು ಜಾರ್ಯಾದ, ಅದರ ಖಬರಿಲ್ಲ. ಯಾರಿಗೂ ಕಾಣಂಗಿಲ್ಲ ಅಂತ ನಗೋರ ನಗಿ ಅದು. ಈಗ ನೀನೇ ಹೇಳು, ಇಡ್ಲೋ, ಅಳಸ್ಲೋ?"

ನಾ ಏನಂದೆ ಗೊತ್ತದೇನ್ರಿ? "ಫೋಟು ಅಲುಗಾಡಿಲ್ಲಲ್ರಿ ಆಪಾ?" ಅಂದೆ.

ಆಪಾ ಅಂದ್ರು, "ಇಲ್ಲಪ್ಪ. ಒಂದೊಂದು ಕೂದಲಾ ಎಣಸಬಹುದು." ಫೋನು ಇಡ್ಲಿಲ್ಲ, ನನ್ನ ಜವಾಬಿಗಿ ಕಾಯ್ಲತ್ತಿದ್ರು. ನೀವಿದ್ರ ಏನ್ ಮಾಡ್ತಿದ್ರಿ?